ಬಾಗಿಲ ಮೇಲಿನ ಪಾರಿವಾಳಗಳು

ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಹೊರಬಂದವನನ್ನು ಇಪ್ಪತ್ತೇಳನೇ ವಯಸ್ಸಿನಲ್ಲಿ ಹಿಡಿದು ತಂದು ಮತ್ತೆ ಬೆಂಚಿನ ಮೇಲೆ ಕೂರಿಸಿದರೆ ಮೈ ಉರಿಯದೆ ಇನ್ನೇನಾದೀತು. ಮನೆ ದಲ್ಲಾಳಿಗಳು ಲೈಸೆನ್ಸ್ ನವೀಕರಿಸಬೇಕಾದರೆ ಹಳೇ ಬೀದಿಗಳ ಕಟ್ಟಡಗಳ ಬಗ್ಗೆ ಒಂದು ದಿನದ ಪಾಠ ಕೇಳಲೇಬೇಕೆಂದು ನಗರಸಭೆ ಹೊಸ ನಿಯಮ ಮಾಡಿತ್ತು. ಕೀಲಿ ಹಲ್ಲು ಕಚ್ಚಿಕೊಂಡು ಕೊನೆಯ ಸಾಲಿನಲ್ಲಿ ಕೂತಿದ್ದ. ಹತ್ತಾರು ಖಾಲಿ ಮನೆಗಳ ಬೀಗದ ಕೈಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುವವನಾದ್ದರಿಂದ ಅವನಿಗೆ ಆ ಹೆಸರು.

ಪಕ್ಕದಲ್ಲಿದ್ದ ಹಿರಿಯ ದಲ್ಲಾಳಿಯನ್ನು ಎಲ್ಲರೂ ಮಾವ ಎಂದೇ ಕರೆಯುತ್ತಿದ್ದರು.

"ಏನೋ ಕೀಲಿ, ಸ್ಲೇಟು ಬಳಪ ತಂದಿದೀಯಾ?"

"ಸುಮ್ನಿರಿ ಮಾವ. ಇವ್ರು ಹೇಳ್ಕೊಡೋ ಮುಂಚೆ ನಾವು ಮನೆ ಮಾರಿಲ್ವಾ?"

"ಮಾರಿದ್ದೇನೋ ಹೌದು. ಮಾರಿದ್ದು ಏನು ಅಂತ ನೋಡಿರ್ಲಿಲ್ಲ, ಅಷ್ಟೇ."

ಪಾಠ ಮಾಡುತ್ತಿದ್ದವರು ನಗರಸಭೆಯಲ್ಲಿ ಮೂವತ್ತು ವರ್ಷ ನಕ್ಷೆ ಬರೆದು ನಿವೃತ್ತರಾದ ಮೇಡಂ. ಪರದೆಯ ಮೇಲೆ ಒಂದೊಂದೇ ಮನೆ ತೋರಿಸುತ್ತ, ಇದನ್ನು ಕಟ್ಟಿಸಿದ ವ್ಯಾಪಾರಿ ಯಾರು, ನಕ್ಷೆ ಹಾಕಿದ ಇಂಜಿನಿಯರು ಎಲ್ಲಿ ಓದಿದವರು ಎಂದು ಹೇಳುತ್ತಿದ್ದರು. ಕೀಲಿಗೆ ತಡೆಯಲಾಗಲಿಲ್ಲ.

"ಕಟ್ಟಿದೋರು ಯಾರು ಮೇಡಂ?"

"ಈಗ ತಾನೇ ಹೇಳಿದ್ನಲ್ಲಪ್ಪ."

"ನೀವು ಹೇಳಿದ್ದು ಕಟ್ಟಿಸಿದೋರ್ನ. ನಾನು ಗಾರೆ ಮೆತ್ತಿದೋರ್ನ ಕೇಳ್ತಿದೀನಿ."

"ಅದು ದಾಖಲೆಯಲ್ಲಿ ಇರಲ್ಲ."

"ಇರಲ್ಲ ಅಂತ ಗೊತ್ತಿತ್ತು, ಬಿಡಿ."

ಅವನ ಅಪ್ಪ ಗಾರೆ ಕೆಲಸದವನು. ಈ ಬೀದಿಗಳ ಗೋಡೆಗಳಿಗೆ ಸುಣ್ಣದ ಗಾರೆ ಬಳಿದೂ ಬಳಿದೂ ಎದೆಗೂಡಿನ ತುಂಬ ಅದೇ ಧೂಳು ತುಂಬಿಕೊಂಡು, ಆರು ವರ್ಷದ ಹಿಂದೆ ಸತ್ತಿದ್ದ. ಅವನಿಗೆ ಕೆಮ್ಮು ಹತ್ತಿದ ವರ್ಷವೇ ಕೀಲಿಯ ಶಾಲೆ ನಿಂತದ್ದು. ಆ ಸುಣ್ಣವನ್ನು ಇನ್ನು ಮುಟ್ಟಿದರೆ ಕೇಳು ಎಂದು ಶಪಥ ಮಾಡಿ ಕೀಲಿ ದಲ್ಲಾಳಿಯಾಗಿದ್ದ.

ಮುಂದಿನ ಚಿತ್ರ ಬಂತು. ಮೂಲೆಮನೆ. ಕೀಲಿ ನೆಟ್ಟಗೆ ಕೂತ. ಅದು ಅವನ ಕೈಲಿದ್ದ ಮನೆಯೇ. ಕೊಳ್ಳುವವನು ಅದನ್ನು ನೆಲಸಮ ಮಾಡಿ ನಾಲ್ಕು ಮಹಡಿ ಎಬ್ಬಿಸಲು ತುದಿಗಾಲಲ್ಲಿ ನಿಂತಿದ್ದ. ಆದರೆ ಮುಂಗೋಡೆಯ ಮೇಲೆ ಹಳೇ ಗಾರೆಕೆತ್ತನೆ ಉಳಿದಿರುವ ಮನೆಯನ್ನು ಕೆಡವುವಂತಿಲ್ಲ. ನಗರಸಭೆಯ ಸರ್ವೆಯವರು ಬರುವಷ್ಟರಲ್ಲಿ ಕೆತ್ತನೆಯೇ ಇಲ್ಲವಾದರೆ? ಆಗ ಅದು ಬರೀ ಹಳೇ ಮನೆ. ಈ ಕಸುಬಿನವರಿಗೆಲ್ಲ ಗೊತ್ತಿರುವ ಉಪಾಯ. ಕೀಲಿ ಹೋದ ವಾರ ಇಬ್ಬರು ಕೂಲಿಗಳಿಗೆ ಫೋನು ಮಾಡಿ, "ಬಾಗಿಲ ಮೇಲೆ ಏನಿದ್ಯೋ ಎಲ್ಲಾ ಇಳಿಸಿಬಿಡಿ" ಎಂದಿದ್ದ. ಏನಿದೆ ಎಂದು ಅವನು ನೋಡಿರಲಿಲ್ಲ. ದಲ್ಲಾಳಿಯ ಕಣ್ಣು ರಸ್ತೆಯ ಅಗಲ ನೋಡುತ್ತದೆ, ನಿವೇಶನದ ಉದ್ದ ನೋಡುತ್ತದೆ. ಬಾಗಿಲ ಮೇಲಕ್ಕೆ ಏಳುವುದಿಲ್ಲ.

"ಹಳೇ ಕೆತ್ತನೆ ಮಧ್ಯೆ ಎರಡು ಪಾರಿವಾಳ ನೋಡಿ," ಎಂದರು ಮೇಡಂ. "ಇಪ್ಪತ್ತು ವರ್ಷದ ಹಿಂದೆ ರಿಪೇರಿಲಿ ಹೊಸದಾಗಿ ಮಾಡಿದ್ದು. ಹಳೇ ಕೆಲಸದವ್ರು ಕಣ್ಣನ್ನ ಮೊಳೆಯಲ್ಲಿ ಕೊರೀತಿದ್ರು. ಇವ್ನು ಹಸಿ ಗಾರೆಗೆ ಹೆಬ್ಬೆಟ್ಟು ಒತ್ತಿಬಿಟ್ಟಿದಾನೆ. ದೊಡ್ಡದು ಮಾಡಿ ತೋರಿಸ್ತೀನಿ, ಗೆರೆಗಳೂ ಕಾಣುತ್ವೆ."

ಕಂಡವು. ಹೆಬ್ಬೆಟ್ಟಿನ ಗೆರೆಗಳನ್ನು ಅಡ್ಡಲಾಗಿ ಸೀಳಿಕೊಂಡು ಹೋದ ಒಂದು ಗಾಯದ ಕಲೆಯೂ ಕಂಡಿತು. ಗಾರೆ ಮೆತ್ತುವ ಕರಣೆ ತಾಗಿ ಆದ ಗಾಯ. ಜ್ವರ ಬಂದಾಗೆಲ್ಲ ಹಣೆ ಸವರುತ್ತಿದ್ದ ಆ ಒರಟು ಬೆರಳನ್ನು ಕೀಲಿ ಕತ್ತಲಲ್ಲೂ ಗುರುತು ಹಿಡಿಯಬಲ್ಲ.

"ಮಧ್ಯಾಹ್ನ ಅಲ್ಲಿಗೇ ಹೋಗೋಣ," ಎಂದರು ಮೇಡಂ.

ಹನ್ನೆರಡು ಜನ ವ್ಯಾನಿನಿಂದ ಇಳಿದರು. ಬಾಗಿಲ ಮೇಲೆ ಸುಲಿದ ಗಾಯದಂತೆ ಕೆಂಪು ಇಟ್ಟಿಗೆ. ಬೀಗದ ಕೈ ಯಾರ ಹತ್ತಿರ ಎಂದು ಮೇಡಂ ಕೇಳಿದರು; ಕೀಲಿ ಸೊಂಟದಿಂದ ತೆಗೆದು ಬೀಗ ತೆರೆದ. ಅವರು ಚೀಲದಿಂದ ನಗರಸಭೆಯ ಒಂದು ಹಾಳೆ ತೆಗೆದು ಕೀಲಿಯ ಕೈಗಿತ್ತರು.

"ಮನೆ ನಿನ್ನ ಸುಪರ್ದಿಲಿದೆ. ನೀನೇ ತುಂಬಿ ಸಹಿ ಹಾಕ್ಬೇಕು."

ಹಾಳೆಯಲ್ಲಿ ಎರಡು ಚೌಕಗಳು: ತಾನಾಗಿ ಬಿದ್ದಿದೆ, ಕೆಡವಲಾಗಿದೆ. ಮೊದಲನೆಯದಕ್ಕೆ ಗುರುತು ಹಾಕಿದರೆ ಮನೆ ಕೆಡವಬಾರದ ಮನೆಗಳ ಪಟ್ಟಿಯಿಂದ ಹೊರಗೆ, ವ್ಯಾಪಾರ ಕುದುರಿದಂತೆ. ಎರಡನೆಯದಕ್ಕೆ ಹಾಕಿದರೆ ಕೆಡವಿಸಿದವರು ಯಾರೆಂದು ಬರೆಯಬೇಕು. ಮನೆ ಪಟ್ಟಿಯಲ್ಲೇ ಉಳಿಯುತ್ತದೆ, ಬರೆದವನ ಲೈಸೆನ್ಸ್ ಅಂದೇ ಹೋಗುತ್ತದೆ.

ಮಾವ ಕಿವಿಯ ಹತ್ತಿರ ಬಗ್ಗಿದರು. "ತಾನಾಗಿ ಬಿತ್ತು ಅನ್ನೋ. ಯಾರು ಏಣಿ ಹಾಕಿ ನೋಡಿದಾರೆ? ಲೈಸೆನ್ಸ್ ಹೋದ್ರೆ ಮತ್ತೆ ಸುಣ್ಣ ಕಲಸೋಕೆ ಹೋಗ್ತೀಯಾ?"

ಪಾಠದ ಕೊನೆಯ ಭಾಗ ವಿಚಿತ್ರವಾಗಿತ್ತು. ಒಬ್ಬೊಬ್ಬರೂ ಒಂದೊಂದು ಕೋಣೆಯಲ್ಲಿ ಕಾಲು ಗಂಟೆ ತುಟಿ ಪಿಟಿಕ್ಕೆನ್ನದೆ ಕೂತು, ಮನೆ ಏನೇನು ಸದ್ದು ಮಾಡುತ್ತದೆಂದು ಬರೆಯಬೇಕು. ಕೀಲಿಗೆ ಬಾಗಿಲ ಪಕ್ಕದ ಕೋಣೆ ಬಂತು. ಕಿಟಕಿಯಿಂದ ಬಿಸಿಲು ಬಿದ್ದಿತ್ತು. ನೆಲದ ಮೇಲೆ ಧೂಳು ಬಿಟ್ಟರೆ ಏನೂ ಇರಲಿಲ್ಲ.

ಮೊದಲು ಇಲಿಯಿರಬೇಕು ಎಂದುಕೊಂಡ. ಸರ್ರ್, ಸರ್ರ್, ಸರ್ರ್. ಒಂದು ಬಡಿತ. ಆಮೇಲೆ ಬಿಡುವು. ಮತ್ತೆ ಗೋಡೆಯ ಮೇಲೆ ಕರಣೆ ಆಡಿಸಿದಂತೆ ಮೂರು ಎಳೆತ, ಒಂದು ಬಡಿತ, ಬಿಡುವು. ಆ ಬಿಡುವು ಯಾತಕ್ಕೆಂದು ಅವನಿಗೆ ಗೊತ್ತು. ಕೆಮ್ಮಲಿಕ್ಕೆ. ಕೆಮ್ಮು ಮಾತ್ರ ಕೇಳಿಸುತ್ತಿರಲಿಲ್ಲ. ಅದಕ್ಕೆ ಬೇಕಾದಷ್ಟು ಹೊತ್ತು ಹಾಗೇ ಖಾಲಿ ಇರುತ್ತಿತ್ತು.

ಎದ್ದು ಹೋಗಿ ಗೋಡೆಗೆ ಕಿವಿಯಿಟ್ಟ. ಸದ್ದು ಒಳಗಿನಿಂದಲೇ.

"ಸತ್ತ ಮೇಲೂ ಇವರ ಚಾಕರಿ ಬಿಡಲ್ವಾ ನೀನು?" ಎಂದ, ಹಲ್ಲಿನ ಸಂದಿಯಿಂದ.

ಸದ್ದು ನಿಂತಿತು. ಕೆಲಸ ಮಾಡುತ್ತಿದ್ದವರು ಯಾರು ಕರೆದದ್ದೆಂದು ಆಲಿಸುವಾಗ ನಿಲ್ಲುತ್ತದಲ್ಲ, ಹಾಗೆ.

"ನಿಂದು ಅಂತ ಗೊತ್ತಿರ್ಲಿಲ್ಲಪ್ಪ," ಎಂದ ಕೀಲಿ, ಗೋಡೆಗೆ.

ಮತ್ತೆ ಶುರುವಾಯಿತು. ಮೂರು ಎಳೆತ, ಒಂದು ಬಡಿತ. ಬೈದಿದ್ದರೂ ವಾಸಿಯಿತ್ತು. ತಾನಾಡಿದ ಮಾತೇ ಅವನ ಬಾಯಲ್ಲಿ ಕಹಿಯಾಯಿತು. ನಿಂದು ಅಂತ ಗೊತ್ತಿರಲಿಲ್ಲವಂತೆ. ಬೇರೆ ಯಾವನದೋ ಅಪ್ಪನ ಹೆಬ್ಬೆಟ್ಟಾಗಿದ್ದರೆ ಒಡೆಸಬಹುದಿತ್ತೇನು? ಒಡೆಸಿದ್ದ. ಈ ಮನೆಗೆ ಮುಂಚೆ ಎಷ್ಟು ಮನೆ. ಎಲ್ಲವೂ ಫೋನಿನಲ್ಲೇ. ಯಾವ ಬಾಗಿಲ ಮೇಲೆ ಯಾರ ಕೈ ಇತ್ತು ಎಂದು ಯಾರನ್ನು ಕೇಳುವುದು ಈಗ. ಬೆಳಿಗ್ಗೆ ಕಟ್ಟಿದೋರು ಯಾರು ಎಂದು ಮೇಡಂ ಮೇಲೆ ಹರಿಹಾಯ್ದವನೂ ತಾನೇ.

ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡನೇ ಚೌಕಕ್ಕೆ ಗುರುತು ಹಾಕಿದ. ಕೆಡವಿಸಿದವರು ಎಂಬ ಕಡೆ ದೊಡ್ಡ ಅಕ್ಷರದಲ್ಲಿ ತನ್ನ ಹೆಸರು ಬರೆದ. ಇನ್ನಾದರೂ ಆ ಸದ್ದು ನಿಂತೀತು ಎಂದು ಕಾದ. ನಿಲ್ಲಲಿಲ್ಲ.

ಮೇಡಂ ಹಾಳೆ ಓದಿ ಕನ್ನಡಕ ತೆಗೆದರು. "ನಿನ್ನ ಅನ್ನ ಕಿತ್ಕೊಳ್ಳೋ ಆಸೆ ನಂಗಿಲ್ಲಪ್ಪ. ಇನ್ನೊಂದು ಹಾಳೆ ಕೊಡ್ಲಾ?"

"ಬೇಡ ಮೇಡಂ. ಇದನ್ನೇ ಕಳಿಸಿ." ಲೈಸೆನ್ಸ್ ಕಾರ್ಡನ್ನು ಹಾಳೆಯ ಮೇಲಿಟ್ಟ.

"ಏನೇನು ಸದ್ದು ಕೇಳಿಸ್ತು ಅನ್ನೋದನ್ನ ಬರೆದೇ ಇಲ್ಲ?"

"ಕೆಲ್ಸ ನಡೀತಿದೆ."

"ಯಾರೂ ಇಲ್ವಲ್ಲೋ ಇಲ್ಲಿ."

"ಹುಚ್ಚು ಹಿಡೀತು ಇವ್ನಿಗೆ," ಎಂದು ಮಾವ ಗೊಣಗುತ್ತ ವ್ಯಾನು ಹತ್ತಿದರು. ಹತ್ತುವಾಗ ಒಂದು ಸಲ ಹಿಂತಿರುಗಿ ನೋಡಿದರು, ತಾವು ಮಾರಿದ ಮನೆಗಳನ್ನು ಎಣಿಸುವವರಂತೆ. ವ್ಯಾನು ತಿರುವು ದಾಟಿತು.

ಕೀಲಿ ಹೊಸ್ತಿಲಿನಿಂದ ಈಚೆ ಬಂದಾಗ ಸದ್ದು ಕೋಣೆಯಲ್ಲಿರಲಿಲ್ಲ. ಹೊರಗೆ, ಅವನ ನೆತ್ತಿಗೆ ಸರಿಯಾಗಿ, ಬಾಗಿಲ ಮೇಲೆ ನಡೆದಿತ್ತು. ಸರ್ರ್, ಸರ್ರ್, ಸರ್ರ್. ಅವನು ಕತ್ತೆತ್ತಲಿಲ್ಲ. ಮೇಲೆ ಕೆಲಸ ನಡೆಯುವಾಗ ಕತ್ತೆತ್ತಿದರೆ ಕಣ್ಣಿಗೆ ಸುಣ್ಣ ಬೀಳುತ್ತದೆ. ಕೆಳಗಿನವನು ನೆಲ ನೋಡುತ್ತ ನಿಲ್ಲಬೇಕು, ಮೇಲಿನವನು ಕೈ ಚಾಚಿ ಗಾರೆ ಕೇಳುವವರೆಗೆ. ಕೊಡಲು ಅವನ ಕೈಯಲ್ಲಿ ಏನೂ ಇರಲಿಲ್ಲ. ಆದರೂ ಎರಡೂ ಕೈಗಳನ್ನು ಜೋಡಿಸಿ ಬೊಗಸೆ ಮಾಡಿ, ನಡುಮಧ್ಯಾಹ್ನದ ಬಿಸಿಲಲ್ಲಿ ನಿಂತುಕೊಂಡ.