ಐದನೆಯ ಜೋಡಿ

ಕಾಲೇಜಿನ ಪ್ರಾಣಿಶಾಸ್ತ್ರದ ಮ್ಯೂಸಿಯಂ ಗೋಡೆಯಲ್ಲಿ ಮೂವತ್ತು ವರ್ಷದಿಂದ ಒಂದು ಗಾಜಿನ ಪೆಟ್ಟಿಗೆ ನೇತಾಡುತ್ತಿತ್ತು. ಅದರೊಳಗೆ ಒಂದು ಲಾಬ್‌ಸ್ಟರ್, ಇಡಿಯಾಗಿ ಅಲ್ಲ, ಬಿಡಿಬಿಡಿಯಾಗಿ. ಮೀಸೆ, ದವಡೆ, ಇಕ್ಕಳದಂಥ ಕೊಂಡಿ, ನಡೆಯುವ ಕಾಲು, ಈಜುವ ಕಾಲು, ಬಾಲದ ಬೀಸಣಿಗೆ ಎಂದು ಹತ್ತೊಂಬತ್ತು ಜೋಡಿ ಅಂಗಗಳು ಮೇಲಿಂದ ಕೆಳಗೆ ಸಾಲಾಗಿ. ಅಂಟಿಸಿದವನು ಅಲ್ಲಿನ ಅಟೆಂಡರ್, ಈಗ ನಿವೃತ್ತನಾದ ಮುದುಕ. ಆ ಪೆಟ್ಟಿಗೆಯೆಂದರೆ ಅವನಿಗೆ ಪಂಚಪ್ರಾಣ.

ಆದರೆ ಐದನೆಯ ಜೋಡಿ ಲಾಬ್‌ಸ್ಟರಿನದ್ದಲ್ಲ, ಈರುಳ್ಳಿಯದ್ದು!

ದವಡೆಯ ಹಿಂದಿರುವ ಆ ಜೋಡಿ ಕಾಗದದಷ್ಟು ತೆಳು. ಬಡಿಯುತ್ತಲೇ ಇದ್ದು ಕಿವಿರಿನ ಮೇಲೆ ನೀರು ಹರಿಸುವುದು ಅದರ ಕೆಲಸ. ಪೆಟ್ಟಿಗೆ ಮಾಡಿದ ದಿನ ಅವನು ಲಾಬ್‌ಸ್ಟರ್ ತೊಳೆಯುವಾಗ ಕಿವಿರಿನ ಜೊತೆ ಅದೂ ಮೋರಿ ಸೇರಿತ್ತು. ಮಾರನೆಯ ದಿನವೇ ಮ್ಯೂಸಿಯಂ ಉದ್ಘಾಟನೆ, ಇನ್ನೊಂದು ಲಾಬ್‌ಸ್ಟರ್ ಎಲ್ಲಿಂದ ತರುವುದು? ಈರುಳ್ಳಿಯ ಒಣ ಸಿಪ್ಪೆ ಕತ್ತರಿಸಿ, ವಾರ್ನಿಷ್ ಬಳಿದು ಅಂಟಿಸಿಬಿಟ್ಟ. ಅಲ್ಲಿಂದೀಚೆಗೆ ಎಷ್ಟು ಹುಡುಗರು ಪೆನ್ಸಿಲ್ ಚೂಪು ಮಾಡಿಕೊಂಡು ಈರುಳ್ಳಿ ಸಿಪ್ಪೆಯ ಚಿತ್ರ ಬಿಡಿಸಿ ಮಾರ್ಕು ಗಿಟ್ಟಿಸಿದರೋ, ದೇವರೇ ಬಲ್ಲ.

ಈಗ ಅದೇ ಕೆಲಸದಲ್ಲಿ ಅವನ ಸೊಸೆ ಇದ್ದಳು, ತಾತ್ಕಾಲಿಕವಾಗಿ. ಹೊಸ ಪೆಟ್ಟಿಗೆಯೊಂದನ್ನು ತಾನೇ ಮಾಡಿ ಒಪ್ಪಿಸಿದರೆ ಕೆಲಸ ಕಾಯಂ. ಹುಡುಗಿ ಗಟ್ಟಿಗಿತ್ತಿ. ಬಾಲದ ಕಡೆಯಿಂದ ಒಂದೊಂದೇ ಜೋಡಿ ಬಿಡಿಸುತ್ತಾ ಬಂದು, ಆ ತೆಳು ಐದನೆಯದನ್ನು ನೀರಿನಲ್ಲಿ ತೇಲಿಸಿ, ಕೆಳಗೆ ಕಾಗದ ಕೊಟ್ಟು ಮೆಲ್ಲಗೆ ಎತ್ತಿದ್ದಳು. ಅವತ್ತು ಮ್ಯೂಸಿಯಂಗೆ ನೋಡಲು ಬಂದಿದ್ದ ಮುದುಕನ ಎದೆ ಉಬ್ಬಿತು. ಮರುಗಳಿಗೆಗೇ ಅವನ ಕಣ್ಣು ಗೋಡೆಯ ಹಳೆಯ ಪೆಟ್ಟಿಗೆಯ ಕಡೆ ಹೋಯಿತು: ಎರಡನ್ನೂ ಹೋಲಿಸಿದರೆ?

ಪರೀಕ್ಷಿಸಲು ವಿಭಾಗದ ಮುಖ್ಯಸ್ಥೆ ಬಂದರು. ಅವರು ಓದಿದ್ದು ಹಾವುಗಳ ಬಗ್ಗೆ. ಲಾಬ್‌ಸ್ಟರ್ ಕಲಿತದ್ದೇ ಹಳೆಯ ಪೆಟ್ಟಿಗೆ ನೋಡಿ. ಭೂತಗನ್ನಡಿ ಹಿಡಿದು ಎರಡನ್ನೂ ಹೋಲಿಸುತ್ತಾ ಬಂದವರು ಐದನೆಯದಕ್ಕೆ ನಿಂತರು.

"ಇದೇನಮ್ಮಾ? ಹಳೇದ್ರಲ್ಲಿ ಎಷ್ಟು ಚೆನ್ನಾಗಿ ಗೆರೆ ಇದೆ! ನಿಂದ್ರಲ್ಲಿ ಗೆರೇನೇ ಇಲ್ಲ, ಸುತ್ತ ಕೂದಲು ಬೇರೆ. ಏನೋ ಎಡವಟ್ಟು ಮಾಡಿದೀಯ."

ಸೊಸೆ ತಲೆ ತಗ್ಗಿಸಿದಳು. "ಇನ್ನೊಂದ್ ಸಲ ಮಾಡ್ತೀನಿ ಮೇಡಂ."

"ಇನ್ನೊಂದ್ ಸಲ ಎಲ್ಲಿ? ಕಾಯಂ ಆಗೋರ ಪಟ್ಟಿ ಇವತ್ತೇ ಹೋಗ್ಬೇಕು. ಮುಂದಿನ ವರ್ಷ ನೋಡೋಣ."

ಮುದುಕ ಎರಡೂ ಪೆಟ್ಟಿಗೆಗಳನ್ನು ನೋಡಿದ. ಒಂದು ಕಡೆ ಮೂವತ್ತು ವರ್ಷದ ಮಾನ, ಇನ್ನೊಂದು ಕಡೆ ಈ ಹುಡುಗಿಯ ಅನ್ನ. ಥೂ, ಇದಕ್ಕೂ ಯೋಚನೆ ಮಾಡಬೇಕೇ!

"ಅವಳದ್ದೇ ಸರಿ ಮೇಡಂ. ತಪ್ಪು ನಂದು. ಅದು ಈರುಳ್ಳಿ ಸಿಪ್ಪೆ."

"ಏನಂದ್ರಿ?"

"ಈರುಳ್ಳಿ. ಅಸಲೀದು ನನ್ ಕೈಯಿಂದಾನೇ ಮೋರಿಗೆ ಹೋಯ್ತು. ಹೇಳೋಕೆ ಮುಖ ಇರ್ಲಿಲ್ಲ."

ಮುಖ್ಯಸ್ಥೆ ಮತ್ತೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನಗು ತಡೆಯಲಾರದೆ ಸ್ಟೂಲಿನ ಮೇಲೆ ಕೂತೇಬಿಟ್ಟರು. "ಅಯ್ಯೋ ದೇವರೇ! ಪರೀಕ್ಷೇಲಿ ಇದನ್ನೇ ಬಿಡಿಸಿ ಹತ್ತಕ್ಕೆ ಹತ್ತು ತಗೊಂಡಿದೀನಲ್ರೀ ನಾನು!" ಕಣ್ಣೊರೆಸಿಕೊಂಡು, ಸೊಸೆಯ ಕೆಲಸ ಕಾಯಂ ಮಾಡುವ ಕಾಗದಕ್ಕೆ ಅಲ್ಲೇ ಸಹಿ ಹಾಕಿದರು.

ಗೋಡೆಗೆ ಹೊಸ ಪೆಟ್ಟಿಗೆ ಏರಿತು. ಹಳೆಯದನ್ನು ಆಚೆ ಈಚೆ ಹಿಡಿದುಕೊಂಡು ಮಾವ-ಸೊಸೆ ಮನೆಯ ದಾರಿ ಹಿಡಿದರು. ಮುದುಕನ ಮನಸ್ಸು ಹೂವಿನಷ್ಟು ಹಗುರಾಗಿತ್ತು, ಆದರೂ ಕೇಳದೆ ಇರಲಾಗಲಿಲ್ಲ.

"ನಿನ್ ಮಾವ ಇಂಥೋನು ಅಂತ ಬೇಜಾರಾಯ್ತೇನಮ್ಮಾ?"

"ನಂಗೆ ಹೋದ ವರ್ಷವೇ ಗೊತ್ತಿತ್ತು ಮಾವ. ಗಾಜು ಒರೆಸ್ವಾಗ ನೋಡ್ದೆ. ದಿನಾ ಈರುಳ್ಳಿ ಹೆಚ್ಚೋಳಿಗೆ ಗೊತ್ತಾಗಲ್ವಾ?"

ಮುದುಕ ನಡುರಸ್ತೆಯಲ್ಲೇ ನಿಂತ. "ಮತ್ತೆ ಮೇಡಂ ಅಷ್ಟೊಂದು ಅಂದಾಗ ಯಾಕೆ ಬಾಯಿ ಬಿಡ್ಲಿಲ್ಲ? ಕೆಲಸ ಹೋಗ್ತಿತ್ತಲ್ಲೇ!"

"ಕೆಲಸ ಇನ್ನೊಂದು ಹುಡುಕ್ಕೋಬಹುದು. ಅವರ ಮುಂದೆ ನಿಮ್ಮನ್ನ ಸಣ್ಣೋರು ಮಾಡೋಕೆ ಮನಸ್ಸು ಬರ್ಲಿಲ್ಲ."

"ಸಾಕು ಸಾಕು, ದಾರಿ ನೋಡ್ಕೊಂಡು ನಡಿ," ಎಂದು ಮುದುಕ ಗದರಿದ. ದಾರಿ ಮಂಜಾಗಿದ್ದು ಅವನಿಗೇ.