ಬೀಗರ ತೊಟ್ಟಿ

"ಪಾಪ, ಹಸಿದಿವೆ ಬೀಗರೇ. ಹೇಗೆ ಬಾಯಿ ಬಿಡ್ತಿವೆ ನೋಡಿ."

"ಹೌದು ಬೀಗರೇ. ನನಗೂ ಹಾಗೇ ಅನ್ನಿಸ್ತು, ನೀವು ಹೇಳಲಿ ಅಂತ ಸುಮ್ಮನಿದ್ದೆ."

ಹಸಿರುಗಟ್ಟಿದ ನೀರಿನ ಮೇಲೆ ನೂರಾರು ಪುಟ್ಟ ಬಾಯಿಗಳು ತೆರೆದು ಮುಚ್ಚುತ್ತಿದ್ದವು. ಡ್ರೈವರ್ ಡಬ್ಬಕ್ಕೆ ಕೈ ಹಾಕಿ ಒಂದು ಹಿಡಿ ಮೇವು ತೂರಿದ. ಬೀಗರು ಹಾಕಿದ ಮೇಲೆ ತಾನು ಕೈಕಟ್ಟಿ ನಿಲ್ಲುವುದು ಚೆನ್ನಾಗಿರುವುದಿಲ್ಲವೆಂದು ತಗಡಿನ ಮೇಸ್ತ್ರಿಯೂ ಒಂದು ಹಿಡಿ ತೂರಿದ. ಮೀನುಗಳು ಕಾಳಿನ ಕಡೆ ತಿರುಗಿಯೂ ನೋಡಲಿಲ್ಲ. ಬಾಯಿ ಮಾತ್ರ ಬಿಡುತ್ತಲೇ ಇದ್ದವು.

ಕೆಲಸಕ್ಕೆ ಹೊರಟಿದ್ದ ಹುಡುಗಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಬಂದು ಇಣುಕಿದಳು. ಡ್ರೈವರ್‌ಗೆ ಮಗಳು, ಮೇಸ್ತ್ರಿಗೆ ಸೊಸೆ. ಬೆನ್ನಿಗೆ ಬೆನ್ನು ಕೊಟ್ಟ ಎರಡು ಮನೆಗಳ ನಡುವಿನ ಆ ಸಿಮೆಂಟು ತೊಟ್ಟಿಯಲ್ಲಿ ಮೀನು ಸಾಕಿದ್ದು ಅವಳೇ. ದಿನವೆಲ್ಲ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೂತಿರುವವಳು. ಅವಳ ಗಂಡ ರಾತ್ರಿ ಪಾಳಿಯವನು, ಮನೆಯಲ್ಲಿದ್ದಷ್ಟು ಹೊತ್ತೂ ಗೊರಕೆ. ಹೀಗಾಗಿ ಮೇವು ಹಾಕುವ ಕೆಲಸ ಇಬ್ಬರು ಹಿರಿಯರ ಪಾಲಿಗೆ ಬಂದಿತ್ತು.

"ಅಯ್ಯೋ! ಹಸಿವಲ್ಲಪ್ಪಾ ಅದು, ಉಸಿರು ಕಟ್ಟಿ ಮೇಲೆ ಬಂದಿವೆ! ತಿನ್ನದೆ ಬಿಟ್ಟ ಮೇವು ತಳದಲ್ಲಿ ಕೊಳೀತಿದೆ. ಯಾರು ಹಾಕಿದ್ದು ಇಷ್ಟೊಂದು?"

"ನಾನೇ ಹಾಕಿರಬೇಕಮ್ಮ," ಎಂದ ಮೇಸ್ತ್ರಿ.

"ಛೆ ಛೆ, ಬೀಗರದ್ದೇನೂ ತಪ್ಪಿಲ್ಲ. ನಂದೇ ಕೈ ದೊಡ್ಡದು," ಎಂದ ಡ್ರೈವರ್.

ಅವಳು ಅಪ್ಪನನ್ನೊಮ್ಮೆ, ಮಾವನನ್ನೊಮ್ಮೆ ನೋಡಿದಳು. ಅರ್ಥವಾಗದ್ದೇನೂ ಇರಲಿಲ್ಲ. ಬೆಳಿಗ್ಗೆ ಅಪ್ಪ ಹಾಕುತ್ತಿದ್ದ. ಬೀಗರು ಮರೆತಿರಬಹುದೆಂದು ಮಾವನೂ ಹಾಕುತ್ತಿದ್ದ. ಸಂಜೆಯೂ ಅದೇ ಕಥೆ. 'ಹಾಕಿದಿರಾ?' ಎಂದು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಆದರೆ ಹೆಣ್ಣು ಕೊಟ್ಟವನು ತಂದವನನ್ನು ಹಾಗೆ ಕೇಳುವುದುಂಟೇ? ತಂದವನು ಕೊಟ್ಟವನನ್ನು ಕೇಳಿದರಂತೂ ಲೆಕ್ಕ ಕೇಳಿದ ಹಾಗೆ. ಮದುವೆಯ ದಿನದಿಂದ ಬೀಗರಿಬ್ಬರ ಬಾಯಿಗೂ ಬೀಗ.

"ಭಾನುವಾರದೊಳಗೆ ನೀರು ತಿಳಿಯಾಗದಿದ್ರೆ ಮೀನೆಲ್ಲ ಆಚೆ ಮೀನು ಹೊಂಡದವರಿಗೆ ಕೊಟ್ಟುಬಿಡ್ತೀನಿ," ಎಂದಳು. "ಆಮೇಲೆ ಈ ತೊಟ್ಟಿಯಲ್ಲಿ ಬಟ್ಟೆ ಒಗೀತೀನಿ. ಅಲ್ಲೀವರೆಗೂ ಯಾರೂ ಕೈಯಿಂದ ಮೇವು ಹಾಕಕೂಡದು. ಇಬ್ಬರೂ!"

ಹೇಳುತ್ತಲೇ ಬಗ್ಗಿ ಇನ್ನೊಮ್ಮೆ ತೊಟ್ಟಿಯೊಳಗೆ ನೋಡಿದಳು. ಬೆರಳುದ್ದವಿದ್ದ ಮರಿಗಳನ್ನು ಅಂಗೈಯಗಲ ಮಾಡಿದ್ದಳು. ಅವಳು ಹೋದ ಮೇಲೂ ಇಬ್ಬರೂ ಅಲ್ಲಿಂದ ಕದಲಲಿಲ್ಲ.

"ಕೈಯಿಂದ ಹಾಕಬಾರದು ಅಂದಳು," ಎಂದು ಮೇಸ್ತ್ರಿ ನಿಧಾನವಾಗಿ ಹೇಳಿದ. "ಯಂತ್ರದಿಂದ ಹಾಕಬಾರದು ಅನ್ನಲಿಲ್ಲ."

ಯಂತ್ರ ಎಂದರೆ ಅಂಥದ್ದೇನಲ್ಲ. ಹಳೆಯ ಎಣ್ಣೆ ಡಬ್ಬದ ತಳಕ್ಕೆ ಆಲಿಕೆಯಂಥ ಮೂತಿ. ಮೂತಿಯಿಂದ ಇಳಿಬಿಟ್ಟ ಕಂಬಿ. ಮೂತಿಯ ಕೆಳಗೆ ಅದೇ ಕಂಬಿಗೆ ಪೋಣಿಸಿದ ತಗಡಿನ ಬಿಲ್ಲೆ. ಬಿಲ್ಲೆ ಜಾರದಂತೆ ಅಡಿಯಲ್ಲೊಂದು ನಟ್ಟು; ಅದನ್ನು ಸಡಿಲಿಸಿದರೆ ಬಿಲ್ಲೆ ಇಳಿದು ಸಂದಿ ಹಿಗ್ಗುತ್ತದೆ, ಬಿಗಿದರೆ ಕುಗ್ಗುತ್ತದೆ. ಕಂಬಿಯ ತುದಿ ನೀರಿನಲ್ಲಿ. ಹಸಿದ ಮೀನು ಕಂಬಿಗೆ ಗುದ್ದಿದರೆ ಬಿಲ್ಲೆ ಅಲುಗಿ ನಾಲ್ಕು ಕಾಳು ಬೀಳಬೇಕು, ಹಸಿವಿಲ್ಲದಿದ್ದರೆ ಇಲ್ಲ. ಮೂರು ದಿಕ್ಕಿನಿಂದ ಕೋಲು ಕಟ್ಟಿ ಡಬ್ಬವನ್ನು ತೊಟ್ಟಿಯ ನಡುವೆ ತೂಗುಹಾಕಿದ್ದಾಯಿತು. ಜೀವಮಾನವೆಲ್ಲ ತೂತು ಮುಚ್ಚಿದ ಮೇಸ್ತ್ರಿಗೆ ಬೇಕೆಂದೇ ತೂತು ಕೊರೆಯುವಾಗ ಕೈ ಎರಡು ಸಲ ಹಿಂದೆ ಬಂತು.

"ಬಿಲ್ಲೆಗೂ ಮೂತಿಗೂ ಒಂದು ಕಾಳು ನುಸುಳುವಷ್ಟು ಸಂದಿ ಸಾಕಲ್ವಾ ಬೀಗರೇ?"

ಡ್ರೈವರ್‌ಗೆ ಅದು ಸಾಕೆನ್ನಿಸಲಿಲ್ಲ. ಕೈ ತೋರಿಸಿದ ಯಾರನ್ನೂ ದಾರಿಯಲ್ಲಿ ಬಿಟ್ಟು ಬಸ್ಸು ಓಡಿಸಿದವನಲ್ಲ ಅವನು. ಆದರೂ, "ನೀವು ಹೇಳಿದ ಮೇಲೆ ಮುಗೀತು ಬೀಗರೇ," ಎಂದ.

ಮುಗಿಯಲಿಲ್ಲ. ಮರುದಿನ ಬೆಳಿಗ್ಗೆ ಮೇಸ್ತ್ರಿ ಮುಖ ತೊಳೆಯಲು ಹೋದಾಗ ಡ್ರೈವರ್ ಬಂದು ನಟ್ಟನ್ನು ಒಂದು ಸುತ್ತು ಸಡಿಲಿಸಿದ. ಸಂಜೆ ಡ್ರೈವರ್ ತಿರುಗಾಡಲು ಹೋದಾಗ ಮೇಸ್ತ್ರಿ ಬಂದು, 'ಅರೆ, ತಾನಾಗಿ ಜಾರಿದೆಯಲ್ಲ' ಎಂದುಕೊಂಡು ಬಿಗಿಮಾಡಿದ. ಹೀಗೆ ವಾರವಿಡೀ ಮೀನುಗಳಿಗೆ ಬೆಳಿಗ್ಗೆ ಹಬ್ಬ, ಸಂಜೆ ಉಪವಾಸ. ನೀರು ಇದ್ದ ಬಣ್ಣ ಬಿಡಲಿಲ್ಲ.

ಶನಿವಾರ ನಸುಕಿನಲ್ಲಿ ಮೇಸ್ತ್ರಿ, ಒಂದೇ ಸಲ ಜಗ್ಗಿ ಬಿಗಿದುಬಿಡೋಣವೆಂದು ಸ್ಪ್ಯಾನರ್ ಹಿಡಿದು ಬಂದ. ಮಬ್ಬಿನಲ್ಲಿ ತನ್ನ ಮನೆಯ ಬದಿಯಿಂದ ಬಗ್ಗಿ ಕೈ ಚಾಚಿದರೆ ನಟ್ಟಿನ ಮೇಲೆ ಆಗಲೇ ಬೇರೊಂದು ಕೈ ಇತ್ತು.

"ಓ! ಬೀಗರು ಬೇಗ ಎದ್ದಿರಿ," ಎಂದಿತು ಆ ಕೈಯ ಒಡೆಯನ ಬಾಯಿ.

"ನೀವೂ."

"ಸ್ವಲ್ಪ ಸಡಿಲ... ನೋಡೋಣ ಅಂತ."

"ನಾನೂ ಸ್ವಲ್ಪ ಬಿಗಿ... ನೋಡೋಣ ಅಂತ."

ಇಬ್ಬರೂ ನಗುನಗುತ್ತಲೇ ತಿರುಗಿಸಿದರು, ಒಬ್ಬ ಹೀಗೆ, ಇನ್ನೊಬ್ಬ ಹಾಗೆ. ನಟ್ಟು ಕಳಚಿ ಗುಳಕ್ಕೆಂದಿತು. ಅದರ ಹಿಂದೆ ಬಿಲ್ಲೆ. ಬಿಲ್ಲೆಯ ಹಿಂದೆ, ಮಳೆಗಾಲದ ಮಾಡಿನಿಂದ ನೀರು ಇಳಿದ ಹಾಗೆ, ಡಬ್ಬದಲ್ಲಿದ್ದ ಅಷ್ಟೂ ಮೇವು.

"ತೂತು ಹಿಡಿಯೋ!" ಎಂದು ಡ್ರೈವರ್ ಕೂಗಿದ.

"ನೀನು ಮೊದಲು ಕೈ ತೆಗಿಯೋ!" ಎಂದು ಮೇಸ್ತ್ರಿಯೂ ಕೂಗಿದ.

ಕೂಗಿದ್ದು ಇಬ್ಬರಿಗೂ ಒಟ್ಟಿಗೇ ಕೇಳಿಸಿತು. ಕಾಳು ಸುರಿಯುತ್ತಲೇ ಇತ್ತು. ಆಮೇಲೆ ಮೇಸ್ತ್ರಿ ಪಂಚೆ ಎತ್ತಿಕಟ್ಟಿ ಸೊಂಟದ ಮಟ್ಟ ನೀರಿಗೆ ಇಳಿದ. ಡ್ರೈವರ್ ಒಳಗೋಡಿ ಕೈಗೆ ಸಿಕ್ಕ ಟೀ ಸೋಸುವ ಜರಡಿ ತಂದು ತಾನೂ ಇಳಿದ.

"ಟೀ ಜರಡಿನಾ? ಬಸ್ಸು ಓಡಿಸಿದ ತಲೆ ನೋಡು!"

"ಹೂಂ, ನಿನ್ನದು ಭಾರಿ ತಲೆ! ಒಂದು ಕಾಳು ನುಸುಳೋ ಸಂದಿಯಂತೆ. ಜಿಪುಣ!"

"ನಾನು ಜಿಪುಣನಾ? ನಿನ್ನ ಧಾರಾಳಕ್ಕೇ ಕಣೋ ಇವು ಸಾಯೋಕೆ ಕೂತಿರೋದು. ದಿನಾ ಬೆಳಿಗ್ಗೆ ಹಾಕ್ತಿದ್ದೆ ಅಲ್ವಾ ನೀನು?"

"ಹಾಕ್ತಿದ್ದೆ. ನೀನು?"

ಮೇಸ್ತ್ರಿ ತೇಲುತ್ತಿದ್ದ ಕಾಳನ್ನು ಬೊಗಸೆಯಲ್ಲಿ ತುಂಬಿ ಹೊರಗೆಸೆದ. "ಹಾಕ್ತಿದ್ದೆ," ಎಂದ.

"ಮತ್ತೆ ಕೇಳಬಾರದಿತ್ತಾ?"

"ನೀನು ಕೇಳಬಾರದಿತ್ತಾ?"

ಮೇಸ್ತ್ರಿಯ ಹೆಂಡತಿ ಕಿಟಕಿ ತೆರೆದು ನೋಡಿದಳು. "ಇದೇನ್ರೀ ಇದು! ಮೀನು ಹಿಡಿಯೋಕೆ ಇಳಿದಿದೀರೋ, ಮೇಯೋಕೋ?"

ಇಬ್ಬರೂ ಬಗ್ಗಿ ಕಾಳು ಬಾಚುತ್ತಲೇ ಇದ್ದರು. ಆ ದಿನವೆಲ್ಲ ಒಬ್ಬ ಬಕೆಟ್ಟಿನಲ್ಲಿ ಹಳೆಯ ನೀರು ಎತ್ತಿ ಚೆಲ್ಲಿದ, ಇನ್ನೊಬ್ಬ ತಳದ ಕೊಳೆ ಬಾಚಿದ; ನಲ್ಲಿಯ ಪೈಪಿನಿಂದ ಹೊಸ ನೀರು ಸಣ್ಣಗೆ ಬೀಳುತ್ತಿತ್ತು. ಬೈಗುಳವೂ ಅದರ ಜೊತೆಗೇ ಸಣ್ಣಗೆ ಹರಿಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮದುವೆಯ ದಿನ ಬಸ್ಸು ತಡವಾಗಿ ಬಂದದ್ದು, ಊಟದ ಪಂಕ್ತಿಯಲ್ಲಿ ಕುರ್ಚಿ ಸಾಲದೇ ಹೋದದ್ದು, ಎಲ್ಲಾ ಹೊರಗೆ ಬಿದ್ದವು. ಸಂಜೆ ಯಂತ್ರವನ್ನು ಮತ್ತೆ ಜೋಡಿಸಿದರು. ಸಂದಿಯನ್ನು ಒಂದೂವರೆ ಕಾಳಿಗೆ ನಿಲ್ಲಿಸಲು ಅರ್ಧ ಗಂಟೆ ಜಗಳವಾಯಿತು. ಆಮೇಲೆ ಮೇಸ್ತ್ರಿ ನಟ್ಟಿನ ಕೆಳಗೆ ಇನ್ನೊಂದು ನಟ್ಟು ಏರಿಸಿ ಒಂದನ್ನೊಂದು ಕಚ್ಚಿಸಿದ. ಇನ್ನು ಅದನ್ನು ಬಿಚ್ಚಬೇಕಾದರೆ ಎರಡು ಸ್ಪ್ಯಾನರ್ ಒಟ್ಟಿಗೇ ಹಾಕಬೇಕು. ಒಂದನ್ನು ಒಬ್ಬ ಹಿಡಿದರೆ ಇನ್ನೊಂದನ್ನು ಇನ್ನೊಬ್ಬ.

ಭಾನುವಾರ ಬೆಳಿಗ್ಗೆ ಹುಡುಗಿ ಫೋನು ಹಿಡಿದೇ ಬಂದಳು. ಹೊಂಡದವರ ನಂಬರು ತೆರೆದಿತ್ತು. ಅಪ್ಪ, ಮಾವ ಇಬ್ಬರೂ ಕಟ್ಟೆಯ ಎರಡು ಕೊನೆಯಲ್ಲಿ ಕೈಕಟ್ಟಿ ನಿಂತಿದ್ದರು.

"ಪಕ್ಕಕ್ಕೆ ಸರಿಯೋ, ನೆರಳು ಬೀಳ್ತಿದೆ," ಎಂದ ಮೇಸ್ತ್ರಿ.

ಅವಳು ತಟ್ಟನೆ ತಲೆಯೆತ್ತಿದಳು. ಮೇಸ್ತ್ರಿ ಕೆಮ್ಮಿದ. "ಸರೀರಿ ಬೀಗರೇ, ಅಂದೆ."

ಅವಳು ಫೋನನ್ನು ಕಟ್ಟೆಯ ಮೇಲಿಟ್ಟು, ಮೊಣಕೈ ಮೇಲಕ್ಕೆ ತೋಳೇರಿಸಿ, ಕೈಯನ್ನು ಮೆಲ್ಲಗೆ ನೀರಿಗೆ ಇಳಿಸಿದಳು. ಬೆರಳು ಮುಳುಗಿತು, ಬಳೆ ಮುಳುಗಿತು. ಇಬ್ಬರೂ ಬಗ್ಗಿ ನೋಡಿದರು. ಮೊಣಕೈ ಮುಳುಗಿದರೂ ಕೆಳಗೆ ಅವಳ ಐದು ಬೆರಳುಗಳೂ ಒಂದೊಂದಾಗಿ ಕಾಣುತ್ತಿದ್ದವು. ಒಂದು ಮೀನು ಬಂದು ಕಿರುಬೆರಳನ್ನು ಮೂಸಿ, ತಿರುಗಿ, ಕಂಬಿಗೆ ಮೂತಿಯಿಂದ ಒಂದು ಗುದ್ದು ಕೊಟ್ಟಿತು.

ನಾಲ್ಕು ಕಾಳು ಬಿದ್ದವು. ಫೋನು ಕಟ್ಟೆಯ ಮೇಲೇ ಉಳಿಯಿತು; ಅವಳು ಕೈ ಹೊರಗೆ ತೆಗೆಯಲಿಲ್ಲ.