ಪೂಜೆಯೊಳಗಿನ ನಾಡಿ

ಬಲಗೈ ಬೆರಳಿನ ಉಗುರಿನ ಸುತ್ತ ಕೆಂಪು ಬೆಳಕು, ಮಗಳು ಅಶ್ವಿನಿ ಸಿಂಧನೂರಿನ ದವಾಖಾನೆಯಿಂದ ತಂದ ನಾಡಿ ನೋಡುವ ಕ್ಲಿಪ್ಪು, ಮೆತ್ತಗೆ ಕಚ್ಚಿಕೊಂಡಿದೆ, ಅಲ್ಲಿ ನರ್ಸು ಅವಳು, ತಾಯಿ ಪೂಜೆ ಮುಗಿಸಿ ಏಳುವಾಗ ಎರಡು ಸಲ ಬಿದ್ದಳಲ್ಲ, ಅದಕ್ಕೆ, ಶಿವ ಬಂದ್ರ ಅವನ ಬೆರಳಿಗೂ ಹಾಕ್ತೀ ಏನ್ಲೇ ಎಂದು ತಾಯಿ ವೀರಭದ್ರಮ್ಮ ನಕ್ಕಿದ್ದಳು, ಹಾಕ್ತೀನಿ ಬೇ, ಮೊದಲ ನೀ ಕೂಡು — ಇರಲಿ, ಮಷಿನ್ನಿಗೂ ಗೊತ್ತಾಗಲಿ, ಎಡ ಅಂಗೈಯಲ್ಲಿ ಇಷ್ಟಲಿಂಗ, ಅದರ ಕರಿ ಹೊಳಪಿಗೆ ನೆಟ್ಟ ಕಣ್ಣು, ಹೊರಗೆ ಲಿಂಗಸುಗೂರು ಬಸ್ಸಿನ ಹಾರ್ನು, ಹಾರ್ನು ದೂರಾಗುತ್ತದೆ, ಮೊಣಕಾಲ ನೋವಿಲ್ಲ, ಮೊಣಕಾಲೇ ಇಲ್ಲ, ರೆಪ್ಪೆ ತಾನಾಗಿ ಮುಚ್ಚಿತು, ಬಂತು, ಆ ಬೆಳಕು ಬಂತು, ಅಂಚಿಲ್ಲದ ಬಿಳುಪು — ಯವ್ವಾ, ಮೂವತ್ತೆಂಟಕ್ಕ ಇಳದದ, ಕಣ್ ತೆರಿ ಬೇ, ಡಾಕ್ಟರು ಹೇಳಿದ್ದ ಖರೆ ಆತು, ನಾಡಿ ಇಳಿದ್ರ ತಲಿಗೆ ರಕ್ತ ಸಾಲಂಗಿಲ್ಲ, ಕಣ್ಣ ಮುಂದ ಬೆಳ್ಳಗಾಗ್ತದ, ಎದಿಯೊಳಗ ಸಣ್ಣ ಮಷಿನ್ ಕೂಡಿಸಿದ್ರ ಎಲ್ಲಾ ಸರಿ ಹೋಗ್ತದ.

ಸರಿ ಹೋದರೆ ಬೆಳಕು? ಹೋಗಲಿ, ತನ್ನದು ಹೋಗಲಿ, ಆದರೆ ಅವರದು — ಗಂಡ ಕರಿಬಸಯ್ಯ, ಹೋದ ಶ್ರಾವಣ, ಮಸ್ಕಿಯ ಇದೇ ಮನೆ, ಇದೇ ಮಣೆ, ಪೂಜೆಗೆ ಕೂತವರು ಏಳಲಿಲ್ಲ, ಮುಖವೆಲ್ಲ ಬೆವರಿ ಹೊಳೆಯುತ್ತಿತ್ತು, ಲಿಂಗ ಕೈಯಲ್ಲಿದ್ದಾಗ ಈ ಮನೆಯಲ್ಲಿ ಯಾರೂ ಯಾರನ್ನೂ ಮುಟ್ಟುವುದಿಲ್ಲ, ಕರೆಯುವುದಿಲ್ಲ, ಅಶ್ವಿನಿ ಡ್ಯೂಟಿಯಲ್ಲಿ, ಮೈದುನ ಸಂಗನಬಸವ ಬಾಗಿಲಿಗೆ ತೋಳು ಅಡ್ಡ ಹಿಡಿದ, ಮುಟ್ಟಬ್ಯಾಡ್ರಿ, ಅಣ್ಣ ಐಕ್ಯ ಆಗಾಕತ್ತಾನ, ಓಣಿಯೇ ಬಂದು ಕರ್ಪೂರ ಹಚ್ಚಿತು, ಭಜನೆ ಎತ್ತಿತು, ಎದುರುಮನೆ ಶಂಶಾದ್‌ಬೀ ಒಬ್ಬಳೇ ಆಟೋ ಕರೀಲೇನಕ್ಕಾ ಎಂದಳು, ನಿನಗೇನ್ ತಿಳೀತದ ಸುಮ್ನಿರು ಎಂದರು ಅವಳಿಗೆ, ತನ್ನ ಕಾಲಿಗೆ ಬಿದ್ದರು, ಪುಣ್ಯವಂತಿ ನೀ — ಅವರು ಸೇರಿದ ಬೆಳಕೇ ಇದು, ಒಳಗೆ ಹೋದರೆ ಸಿಗುತ್ತಾರೆ ಎಂದೇ ತಾನು ದಿನಾ ಕೂಡುವುದು, ಇದು ಬರೀ ರಕ್ತ ಸಾಲದ ಬಿಳುಪಾದರೆ ಅದೂ ಅದೇ, ಹಾಗಾದರೆ ಆಟೋ ಕರೆದಿದ್ದರೆ, ಸಿಂಧನೂರೇನು ದೂರ, ಮಾತಾಡಬೇ ಯವ್ವಾ, ಹೆದರಿಕಿ ಆಗ್ತದ, ಮಗಳ ಕೈ ಭುಜ ಹಿಡಿದು ಅಲುಗಿಸುತ್ತಿದೆ, ಈ ಹುಡುಗಿ ಮುಟ್ಟಿಬಿಟ್ಟಳು, ಎಷ್ಟು ಸಲೀಸಾಗಿ ಮುಟ್ಟಿದಳು, ಅಷ್ಟೇ ಇತ್ತೇನು, ಆ ದಿನ ಅವರ ಬಲಗೈ ಎದ್ದಿತು, ತನ್ನ ಕಡೆಗೇ, ಅಯ್ಯನೋರು ಆಶೀರ್ವಾದ ಮಾಡಾಕತ್ಯಾರ, ತಲಿ ಬಾಗಿಸಬೇ ಎಂದಿತು ಓಣಿ, ಬಾಗಿಸಿದಳು, ಬಾಗಿದ ತಲೆಯ ಮೇಲೆ ಅದು ಇಳಿಯಲಿಲ್ಲ, ಕಣ್ಣು ಮುಚ್ಚಿದಾಗಲೆಲ್ಲ ಅದೇ ಕೈ, ಐದೂ ಬೆರಳು ಬಿಚ್ಚಿ, ಗಾಳಿಯಲ್ಲಿ, ತನ್ನ ಸೆರಗು ಹುಡುಕುತ್ತ —